ಮೊದಲು ಸಮುದ್ರ

"ಮೊದಲು ಮರಳುಗಾಡು," ಎಂದ ಗಂಡ.

"ಮೊದಲು ಸಮುದ್ರ," ಎಂದಳು ಹೆಂಡತಿ. "ಮರಳುಗಾಡಲ್ಲಿ ಸುಟ್ಟು ಕರಕಲಾದ ಮೇಲೆ ಸಮುದ್ರಕ್ಕೆ ಹೋಗಿ ಏನು ಮಾಡೋದು? ಉಪ್ಪುನೀರು ತಾಗಿದ್ರೆ ಮೈಯೆಲ್ಲ ಉರಿ."

"ನೆಂದುಕೊಂಡು ಮರಳುಗಾಡಿಗೆ ಹೋದ್ರೆ ಮರಳೆಲ್ಲ ಮೈಗೆ ಮೆತ್ತಿಕೊಳ್ಳುತ್ತಲ್ಲ, ಅದಕ್ಕೇನು ಹೇಳ್ತೀಯ?"

"ರೀ, ಒದ್ದೆ ಮೈಯಲ್ಲೇ ಯಾರಾದ್ರೂ ಮರಳುಗಾಡಿಗೆ ಹೋಗ್ತಾರೇನ್ರೀ? ಮಧ್ಯೆ ಟವೆಲ್ ಅನ್ನೋದು ಒಂದಿರುತ್ತೆ."

ಇಬ್ಬರ ನಡುವೆ ನೆಲದ ಮೇಲೆ ಟ್ರಾವೆಲ್ಸಿನವರು ಕೊಟ್ಟ ದೊಡ್ಡ ಬಣ್ಣದ ಹಾಳೆ ಹರಡಿತ್ತು. ಎಡಕ್ಕೆ ನೀಲಿ ಸಮುದ್ರ, ನಡುವೆ ಹಳದಿ ಮರಳು, ಬಲಕ್ಕೆ ಗಾಜಿನ ಕಟ್ಟಡಗಳ ಪಟ್ಟಣ. ಮಡಿಕೆ ಬಿದ್ದ ಹಾಳೆ ಮತ್ತೆ ಮಡಚಿಕೊಳ್ಳದಂತೆ ಒಂದು ಮೂಲೆಗೆ ಅವಳ ಕತ್ತರಿ, ಇನ್ನೊಂದಕ್ಕೆ ಅವನ ಟೀ ಲೋಟ ಇಟ್ಟಿದ್ದರು. ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಮೊಬೈಲು ನೋಡುತ್ತಿದ್ದ ಮಗಳು ತಲೆ ಎತ್ತದೆಯೇ ಹೇಳಿದಳು: "ಮೊದಲು ಪಟ್ಟಣ. ವಿಮಾನ ಇಳಿಯೋದೇ ಅಲ್ಲಿ."

ವಿಮಾನ ಎಲ್ಲಾದರೂ ಒಂದು ಕಡೆ ಇಳಿಯಲೇಬೇಕು ಎಂಬುದು ಇಬ್ಬರಿಗೂ ಹೊಳೆದಿರಲಿಲ್ಲ.

ಹಾಗೆಂದು ಜಗಳ ನಿಲ್ಲಲಿಲ್ಲ. ಪಟ್ಟಣ ಮುಗಿದ ಮೇಲೆ ಯಾವುದು ಮೊದಲು ಎಂದು ಮರುದಿನ ಮತ್ತೆ ಶುರುವಾಯಿತು. ಅಪರೂಪಕ್ಕೆ ಆ ಮನೆಗೆ ಒಂದು ಒಳ್ಳೆಯ ಜಗಳ ಸಿಕ್ಕಿತ್ತು, ಬಿಡಲು ಯಾರಿಗೂ ಮನಸ್ಸಿರಲಿಲ್ಲ. ಅವಳು ಮನೆಯಲ್ಲೇ ಬಟ್ಟೆ ಹೊಲಿಯುವವಳು. ಊರವರ ಬಟ್ಟೆಯನ್ನೆಲ್ಲ ಬದಿಗೆ ಸರಿಸಿ ಪ್ರವಾಸಕ್ಕೆಂದು ಸಡಿಲ ಬಿಳಿ ಅಂಗಿಗಳನ್ನು ಹೊಲಿದಳು, ಅಗಲ ಅಂಚಿನ ಟೋಪಿ ಹೊಲಿದಳು. "ಕೂಸು ಹುಟ್ಟೋ ಮುಂಚೆ ಕುಲಾವಿ," ಎಂದು ಮಗಳು ನಕ್ಕಳು. ನಗಲಿ ಎಂದುಕೊಂಡು ಇವಳು ಇನ್ನೊಂದು ಟೋಪಿ ಹೊಲಿದಳು.

ಅವನಿಗೆ ಊರಾಚೆಯ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಮೀನು, ಬಟಾಣಿ, ಐಸ್‌ಕ್ರೀಮಿನ ಡಬ್ಬಗಳು. ಒಳಕೋಣೆಯಲ್ಲಿ ಸ್ವಲ್ಪ ಹೊತ್ತು ನಿಂತರೆ ಮೀಸೆ ಬೆಳ್ಳಗಾಗುವಷ್ಟು ಚಳಿ. ಹೊತ್ತು ಹುಟ್ಟುವ ಮುಂಚೆ ಹೋಗಿ ಹೊತ್ತು ಮುಳುಗಿದ ಮೇಲೆ ಬರುತ್ತಿದ್ದ. ಆ ಊರಿಗೋ ಬಿಸಿಲು ಬರುವುದೇ ದೊಡ್ಡಮನೆಯ ನೆಂಟರ ಹಾಗೆ, ಅಪರೂಪಕ್ಕೆ ಬಂದು ಕೂರುವ ಮುಂಚೆ ಎದ್ದುಬಿಡುತ್ತದೆ. ಮದುವೆಯಾದಾಗಿನಿಂದ ಅವಳಿಗೆ ಗೊತ್ತಿದ್ದ ಗಂಡನ ಕೈ ಎಂದರೆ ತಣ್ಣನೆಯ ಕೈ. ಬರುವ ತಿಂಗಳು ಅವನಿಗೆ ನಿವೃತ್ತಿ, ಆದ ಮರುವಾರವೇ ಪ್ರಯಾಣ. ಅವಳ ಆಸೆಯೇನೂ ದೊಡ್ಡದಲ್ಲ. "ಬೆಚ್ಚಗಿನ ನೀರಲ್ಲಿ ಕಾಲಿಟ್ಟುಕೊಂಡು ನಿಮ್ಮ ಪಕ್ಕ ಕೂತ್ಕೋಬೇಕು, ಅಷ್ಟೇರೀ. ಆಮೇಲೆ ನೀವು ಮರಳುಗಾಡಿಗಾದ್ರೂ ಕರ್ಕೊಂಡು ಹೋಗಿ, ಸುಡುಗಾಡಿಗಾದ್ರೂ ಕರ್ಕೊಂಡು ಹೋಗಿ," ಎಂದಿದ್ದಳು.

ಕೋಲ್ಡ್ ಸ್ಟೋರೇಜಿನಲ್ಲಿ ಒಂದು ಪದ್ಧತಿಯಿದೆ. ಯಾವ ಬೋರ್ಡಿನ ಮೇಲೂ ಬರೆದಿಲ್ಲ, ಯಾರು ಶುರುಮಾಡಿದರೋ ಗೊತ್ತಿಲ್ಲ. ಒಳಕೋಣೆಗೆ ಒಬ್ಬರೇ ಹೋಗುವಂತಿಲ್ಲ, ಜೋಡಿ ಬೇಕು. ಹೊರಗೆ ಬಂದ ಕೂಡಲೇ ಜೋಡಿಯವನು ಕಿವಿ ಹಿಂಡಬೇಕು, ಬೂಟು ಬಿಚ್ಚಿಸಿ ಕಾಲ್ಬೆರಳು ಚಿವುಟಬೇಕು. ಚಿವುಟಿಸಿಕೊಂಡವನು ಅಯ್ಯೋ ಎಂದು ಕೂಗಿದರೆ ಸರಿ, ಇನ್ನೊಂದು ಸುತ್ತು ಹೋಗಬಹುದು. ಕೂಗದಿದ್ದರೆ ಕಾಲು ಮರಗಟ್ಟಿದೆ ಎಂದು ಹೀಟರ್ ಪಕ್ಕ ಕೂರಿಸುತ್ತಾರೆ. ಮತ್ತೆ ಮತ್ತೆ ಕೂಗದವನನ್ನು ಒಳಕೋಣೆ ಬಿಡಿಸಿ ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂರಿಸಿಬಿಡುತ್ತಾರೆ. ಅಲ್ಲಿ ಸಂಬಳ ಕಡಿಮೆ, ಆ ಸ್ಟೂಲಿಗೆ ಎಲ್ಲರೂ ಹೆದರುತ್ತಿದ್ದರು.

ಇವನ ಕೂಗು ಇಡೀ ಶೆಡ್ಡಿನಲ್ಲಿ ಹೆಸರುವಾಸಿ. ಇವನ ಜೋಡಿಯವನು, ಎಲ್ಲರ ಬಾಯಲ್ಲೂ ಉದ್ದಣ್ಣ, ಒಮ್ಮೆ ಮನೆಗೆ ಬಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಅತ್ತಿಗೆ, ನಿಮ್ಮೆಜಮಾನ್ರು ನಾಟಕ ಕಂಪನಿ ಸೇರಬೇಕಿತ್ತು. ನಾನಿನ್ನೂ ಬೆರಳು ಮುಟ್ಟಿರೋದೇ ಇಲ್ಲ, ಆಗ್ಲೇ ಅಯ್ಯಯ್ಯೋ ಅಂತ ಸೂರು ಹಾರಿಸ್ತಾರೆ." ಅವಳೂ ನಕ್ಕಿದ್ದಳು. ಗಂಡ ಒಂದು ಸಂಜೆ ಒಂದೇ ಕಾಲಿನಲ್ಲಿ ಚಪ್ಪಲಿ ಹಾಕಿಕೊಂಡು ಮನೆಗೆ ಬಂದಾಗಲೂ ಹಾಗೆಯೇ. ಇನ್ನೊಂದು ಎಲ್ಲಿ ಎಂದರೆ, "ಇಲ್ವಾ?" ಎಂದು ಕಾಲು ನೋಡಿಕೊಂಡಿದ್ದ. ಬಸ್ ಸ್ಟಾಪಿನ ಹತ್ತಿರ ಕಳಚಿ ಬಿದ್ದಿತ್ತಂತೆ. ತಾಯಿ ಮಗಳು ವಾರವೆಲ್ಲ ನೆನೆನೆನೆದು ನಕ್ಕರು.

ಬೇಸಗೆ ಬಂತು. ಒಂದು ಭಾನುವಾರ ಬಿಸಿಲು ತಾನೇ ತಾನಾಗಿ ಜಡಿಯಿತು. ಅವನು ಬಿಳಿ ಅಂಗಿ ತೊಟ್ಟು ಅಗಲ ಟೋಪಿ ಇಟ್ಟುಕೊಂಡು, "ಮರಳುಗಾಡಿನ ರಿಹರ್ಸಲ್," ಎಂದು ತಾರಸಿ ಹತ್ತಿದ. ಸೋರುವ ತಾರಸಿಗೆ ಹೋದ ಮಳೆಗಾಲದಲ್ಲಿ ಕಪ್ಪು ಟಾರ್ ಶೀಟು ಹೊದಿಸಿದ್ದರು. ಒಗೆದ ಬಟ್ಟೆಯ ಬುಟ್ಟಿ ಹೊತ್ತು ಅವಳು ಮೇಲೆ ಬಂದಾಗ ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಆ ಶೀಟಿನ ಮೇಲೆ ಬರಿಗಾಲಿನಲ್ಲಿ ಅಡ್ಡಾಡುತ್ತಿದ್ದ.

"ಮಹಾರಾಜರ ಸವಾರಿ ಎಷ್ಟು ದೂರ ಬಂತು?"

"ಆ ಗುಡ್ಡ ಇಳಿದರೆ ಒಂಟೆ ಸಿಗುತ್ತೆ. ಬಾ ಬಾ, ಚಪ್ಪಲಿ ಬಿಟ್ಟು ಬಾ. ಅಲ್ಲಿ ಚಪ್ಪಲಿ ಹಾಕ್ಕೊಂಡು ನಡೆಯೋಕಾಗುತ್ತಾ?"

ಅವಳು ಬುಟ್ಟಿ ಇಳಿಸಿ, ಚಪ್ಪಲಿ ಕಳಚಿ ಒಂದು ಹೆಜ್ಜೆ ಇಟ್ಟಳು. ಇಟ್ಟವಳೇ, "ಅಯ್ಯಮ್ಮಾ!" ಎಂದು ಹಾರಿ ಹಿಂದಕ್ಕೆ ಬಂದು ಅಂಗಾಲು ಉಜ್ಜಿಕೊಂಡಳು. ರೊಟ್ಟಿ ಸುಡುವ ಹೆಂಚಿನಂತಿತ್ತು ಶೀಟು.

ಅವನು ನಕ್ಕ. "ಇಷ್ಟಕ್ಕೇನಾ? ನೋಡು, ನನ್ನ ಕಾಲು ಮರಳುಗಾಡಿಗಂತಲೇ ಹುಟ್ಟಿದ್ದು."

ಅವಳೂ ನಗುತ್ತಿದ್ದಳು. ನಗುತ್ತಲೇ ಅವನ ಹಿಂದೆ ಶೀಟಿನ ಮೇಲೆ ಒದ್ದೆ ಹೆಜ್ಜೆಗಳು ಮೂಡುವುದನ್ನು ನೋಡಿದಳು. ಕಾಲು ತೊಳೆದು ಬಂದಿರಬೇಕು ಎಂದುಕೊಂಡಳು. ಅವನು ಗೋಡೆಯವರೆಗೆ ಹೋಗಿ ತಿರುಗಿ ಬಂದ. ಹೊಸ ಹೆಜ್ಜೆಗಳೂ ಒದ್ದೆಯಾಗಿಯೇ ಇದ್ದವು. ತೊಳೆದ ಕಾಲು ಆ ಬಿಸಿಲಿನಲ್ಲಿ ಅಷ್ಟು ಹೊತ್ತು ಒದ್ದೆಯಾಗಿರುವುದಿಲ್ಲ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋಗಿ ಅವನ ತೋಳು ಹಿಡಿದಳು.

"ಕೂತ್ಕೊಳ್ಳಿ. ಕಾಲು ತೋರಿಸಿ."

"ಯಾಕೆ?"

"ತೋರಿಸಿ ಅಂದ್ರೆ ತೋರಿಸ್ರೀ!"

ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂರಿಸಿ ಅವನ ಪಾದವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಅಂಗಾಲಿನ ಚರ್ಮ ಬೊಬ್ಬೆಯೆದ್ದು, ಒಡೆದು, ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಸಡಿಲವಾಗಿತ್ತು. ಹಿಮ್ಮಡಿಯಲ್ಲಿ ಏನೋ ನೀಲಿ ಚುಕ್ಕೆ. ಉಗುರಿನಿಂದ ಕೆದಕಿದಳು. ಅದು ಅವಳದೇ ಗುಂಡುಪಿನ್ನು. ಯಾವಾಗ ಹೊಲಿಗೆ ಮಿಷನ್ನಿನ ಹತ್ತಿರ ಬಿದ್ದಿತ್ತೋ, ಯಾವಾಗ ಹೊಕ್ಕಿತ್ತೋ, ಸುತ್ತಲೂ ಚರ್ಮ ಗಟ್ಟಿಯಾಗಿ ಬೆಳೆದುಬಿಟ್ಟಿತ್ತು.

"ನೋಯ್ತಿಲ್ವೇನ್ರೀ?"

ಅವನು ಕಾಲನ್ನು ನೋಡಲಿಲ್ಲ. ಅವಳ ಮುಖ ನೋಡಿದ. ಆ ಮುಖದಲ್ಲಿ ಕಂಡದ್ದನ್ನು ಕಂಡ ಮೇಲೆ, "ಅಯ್ಯೋ," ಎಂದ.

ಮರುದಿನ ಆಸ್ಪತ್ರೆಯಲ್ಲಿ ವೈದ್ಯೆ ಅವನನ್ನು ಮಲಗಿಸಿ ಕಣ್ಣು ಮುಚ್ಚಿಕೊಳ್ಳಲು ಹೇಳಿದಳು. ಮಗಳ ವಯಸ್ಸಿನವಳು. ಕೈಯಲ್ಲೊಂದು ತೆಳ್ಳನೆಯ ಕಡ್ಡಿ. "ಮುಟ್ಟಿದಾಗೆಲ್ಲ ಹಾಂ ಅನ್ನಿ ಅಂಕಲ್." ಮುಟ್ಟಿದಳು. "ಹಾಂ," ಎಂದ. ಇನ್ನೊಂದು ಬೆರಳು ಮುಟ್ಟಿದಳು. ಸ್ವಲ್ಪ ತಡೆದು, "ಹಾಂ," ಎಂದ. ಅವಳು ಕಡ್ಡಿ ಕೆಳಗಿಟ್ಟು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು.

"ಹಾಂ," ಎಂದ ಅವನು. ಕಣ್ಣು ಬಿಗಿಯಾಗಿ ಮುಚ್ಚಿತ್ತು. "ಹಾಂ. ಅಯ್ಯೋ, ಸ್ವಲ್ಪ ಮೆತ್ತಗೆ ಡಾಕ್ಟ್ರೇ. ಹಾಂ."

ವೈದ್ಯೆ ಹೆಂಡತಿಯ ಕಡೆ ನೋಡಿದಳು. ಹೆಂಡತಿ ಗೋಡೆಯ ಕಡೆ ತಿರುಗಿದಳು. ಅವನು ಇನ್ನೊಂದು ಸಲ ಹಾಂ ಎಂದಾಗ ಅವಳಿಗೆ ತಡೆಯಲಾಗಲಿಲ್ಲ. "ಸಾಕು ಬಿಡ್ರೀ," ಎಂದಳು. "ಅವರು ಮುಟ್ತಾನೇ ಇಲ್ಲ."

ವರ್ಷಗಟ್ಟಲೆಯ ಚಳಿ, ಅದರ ಮೇಲೆ ಯಾರೂ ಕೇಳದ ಸಕ್ಕರೆ ಕಾಯಿಲೆ, ಪಾದದ ನರಗಳು ಸತ್ತು ಬಹಳ ದಿನವಾಗಿದೆ ಎಂದಳು ವೈದ್ಯೆ. ಬಿಸಿಲು, ಮರಳು, ಬರಿಗಾಲು, ಮೂರೂ ಇನ್ನು ಮುಂದೆ ಬೇಡ. ಬೂಟು ಹಾಕಿಕೊಂಡು ಹೋದರೆ ಎಂದು ಅವನು ಕೇಳಿದ. "ಎಲ್ಲಿಗೆ ಅಂಕಲ್? ಮೊದಲು ಕಾಲು ಉಳಿಸಿಕೊಳ್ಳೋಣ," ಎಂದಳು.

ಹೊರಗೆ ಬೆಂಚಿನ ಮೇಲೆ ಇಬ್ಬರೂ ಕೂತರು. ಮಗಳು ಔಷಧಿ ತರಲು ಹೋಗಿದ್ದಳು.

"ಯಾವಾಗಿಂದ?" ಎಂದಳು ಹೆಂಡತಿ.

"ಯಾವುದು?"

"ನನ್ನ ಹತ್ರ ಆಟ ಆಡಬೇಡಿ."

ಅವನು ಪಟ್ಟಿ ಸುತ್ತಿದ ಕಾಲುಗಳನ್ನು ನೋಡುತ್ತ ಕೂತ. "ಯಾವಾಗ ಹೋಯ್ತೋ ಗೊತ್ತಾಗ್ಲಿಲ್ಲ ಕಣೆ. ಒಂದಿನ ಉದ್ದಣ್ಣ ಚಿವುಟುತ್ತಾ ಇದ್ದ, ನಾನು ಅವನ ಕೈ ನೋಡಿ ಕೂಗಿದೆ. ಆಮೇಲೆ ದಿನಾ ಹಂಗೇ ಕೂಗಿದೆ. ಕೂಗಿ ಕೂಗಿ, ನೋಯ್ತಿದೆ ಅಂತ ನನಗೇ ಅನ್ನಿಸೋಕೆ ಶುರುವಾಯ್ತು."

"ನನಗೆ ಹೇಳಬಾರದಿತ್ತಾ?"

"ಹೇಳಿದ್ರೆ ಸ್ಟೂಲಿನ ಮೇಲೆ ಕೂರಿಸೋರು."

"ನಾನೇನು ನಿಮ್ಮ ಮೇಸ್ತ್ರಿನಾ? ನನಗೆ ಹೇಳೋಕೇನಾಗಿತ್ತು ಧಾಡಿ?"

"ಹೇಳಿದ್ರೆ ನೀನು ಸಮುದ್ರಕ್ಕೆ ಹೊರಡ್ತಿರಲಿಲ್ಲ."

ಅವಳಿಗೆ ಎಲ್ಲಿಂದ ಬಂತೋ ಅಷ್ಟು ಸಿಟ್ಟು. ಹೋಗಿ ಬರುವವರು ತಿರುಗಿ ನೋಡುವಂತೆ ಗದರಿದಳು. "ಹೊಟ್ಟೆ ಉರಿಸಬೇಡಿ! ಸಮುದ್ರವಂತೆ ಸಮುದ್ರ. ನೀವು ಪಕ್ಕ ಇರ್ತೀರ ಅಂತ ತಾನೇ ನನಗೆ ಸಮುದ್ರ ಬೇಕಾಗಿದ್ದು? ನೀರು ಬೆಚ್ಚಗಿದೆಯಾ ಅಂತ ಕೇಳಿದ್ರೆ ಅಲ್ಲೂ ಸುಳ್ಳೇ ಹೇಳ್ತಿದ್ರಿ ತಾನೇ?" ಅಷ್ಟು ಹೇಳಿ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಅವನು ಕೈ ಚಾಚಿ ಅವಳ ಮೊಣಕೈ ಹಿಡಿದುಕೊಂಡ. ಆ ಕೈ ಎಂದಿನಂತೆ ತಣ್ಣಗಿತ್ತು.

ಗಾಯ ಕೀವಾಯಿತು. ಎಡಗಾಲಿನ ಎರಡು ಬೆರಳು ಹೋದವು. ಮಗಳು ಟ್ರಾವೆಲ್ಸಿಗೆ ಫೋನ್ ಮಾಡಿ, ಬೇಡ ಎನ್ನಲು ಬಾಯಿ ಬಾರದೆ, ಮುಂದಕ್ಕೆ ಹಾಕಿ ಎಂದಳು. ಎಷ್ಟು ಮುಂದಕ್ಕೆ ಎಂದು ಅತ್ತಲಿನವರು ಕೇಳಿದರು. "ಹೇಳ್ತೀವಿ," ಎಂದು ಇಟ್ಟಳು. ಅವನ ಕೆಲಸದ ಕೊನೆಯ ದಿನ ಅವನು ಆಸ್ಪತ್ರೆಯಲ್ಲೇ ಇದ್ದ. ಸಂಜೆ ಉದ್ದಣ್ಣ ಹಣ್ಣು ಹಿಡಿದು ಬಂದು, ಮಂಚದ ಹತ್ತಿರ ನಿಂತು, ಅಭ್ಯಾಸಬಲದಿಂದ ಗೆಳೆಯನ ಕಿವಿಗೆ ಕೈ ಚಾಚಿ, ಅರ್ಧದಲ್ಲೇ ಕೈ ಹಿಂದಕ್ಕೆ ತೆಗೆದುಕೊಂಡ. ಹೊರಡುವಾಗ ಬಾಗಿಲಲ್ಲಿ, "ಕೂಗು ಕೇಳಿ ನಂಬಿಬಿಟ್ಟೆ ಅತ್ತಿಗೆ," ಎಂದ. ಅವಳೂ ಅದೇ ಕೂಗಿನ ಕತೆ ಕೇಳಿ ನಕ್ಕವಳೇ.

ಬೇಸಗೆ ಹೋಗಿ ಮತ್ತೆ ಮೋಡ ಕವಿಯಿತು. ಗಾಯ ಮಾಯಿತು. ದಿನಾ ಸಂಜೆ ಪಾದಗಳನ್ನು ಬೆಚ್ಚನೆಯ ನೀರಿನಲ್ಲಿ ತೊಳೆದು ಒರೆಸಬೇಕು, ನೀರಿನ ಬಿಸಿಯನ್ನು ಮಾತ್ರ ಅವನ ಕಾಲಿಗೆ ಬಿಡದೆ ಬೇರೆಯವರು ಕೈಯಿಟ್ಟು ನೋಡಬೇಕು ಎಂದು ಹೇಳಿ ಕಳಿಸಿದ್ದರು. ಅವಳು ಹೊಲಿಗೆ ಮುಗಿಸಿ, ನೆಲವೆಲ್ಲ ತಡಕಿ ಪಿನ್ನುಗಳನ್ನು ಆರಿಸಿ ಡಬ್ಬಿಗೆ ಹಾಕಿ, ಬೇಸಿನ್ನಿಗೆ ನೀರು ತಂದು, ಮುಂಗೈ ಅದ್ದಿ ನೋಡಿ, ಒಂದೊಂದೇ ಪಾದವನ್ನು ಎತ್ತಿ ಒಳಗಿಡುತ್ತಿದ್ದಳು.

ಆ ಬಣ್ಣದ ಹಾಳೆಯನ್ನು ಮಗಳು ಬೀರುವಿನ ಬಾಗಿಲಿಗೆ ಅಂಟಿಸಿಬಿಟ್ಟಿದ್ದಳು. ಅವನು ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದ. ಒಂದು ಸಂಜೆ, "ಆಯ್ತು ಬಿಡು," ಎಂದ. "ಮೊದಲು ಸಮುದ್ರಾನೇ."

ಇಷ್ಟು ದಿನ ಗೆಲ್ಲಬೇಕು ಎಂದುಕೊಂಡಿದ್ದ ಜಗಳ. ಗೆದ್ದು ಅವಳಿಗೆ ಒಂದಿಷ್ಟೂ ಸುಖವಾಗಲಿಲ್ಲ. "ನೀವು ಮರಳುಗಾಡು ಅನ್ರೀ," ಎಂದಳು. ಅವನು ಅನ್ನಲಿಲ್ಲ.

ಅವಳು ಎದ್ದುಹೋಗಿ ಇನ್ನೊಂದು ಕುರ್ಚಿ ಎಳೆದು ತಂದು ಅವನ ಪಕ್ಕಕ್ಕೆ ಹಾಕಿದಳು. ಸೀರೆ ಸ್ವಲ್ಪ ಮೇಲೆತ್ತಿ ಕೂತು, ತನ್ನ ಎರಡೂ ಕಾಲುಗಳನ್ನು ಅದೇ ಬೇಸಿನ್ನಿನೊಳಗೆ ಇಟ್ಟಳು. ಜಾಗ ಸಾಲದೆ ನೀರು ಚೆಲ್ಲಿ ನೆಲದ ಮೇಲೆ ಹರಿಯಿತು.

"ಹೇಗಿದೆ ನೀರು?" ಎಂದು ಅವನು ಕೇಳಿದ.

"ಬೆಚ್ಚಗಿದೆ. ಹಿತವಾಗಿದೆ."

"ಸಮುದ್ರಾನೂ ಹಿಂಗೇ ಇರುತ್ತಾ?"

"ಹಿಂಗೇ ಇರುತ್ತಂತೆ."

ಅವಳು ತನ್ನ ಪಾದವನ್ನು ಅವನ ಎಡಪಾದದ ಮೇಲಿಟ್ಟು, ಉಳಿದ ಬೆರಳುಗಳನ್ನು ಮೆಲ್ಲಗೆ ಒತ್ತಿದಳು. "ಮುಟ್ತಿದೀನಾ, ಇಲ್ವಾ? ನೋಡದೇ ಹೇಳಿ."

ಅವನು ಕಣ್ಣು ಮುಚ್ಚಿದ. ಬಾಯಿ ಅರ್ಧ ತೆರೆಯಿತು. ಅಯ್ಯೋ ಎನ್ನುತ್ತಾನೆ ಎಂದುಕೊಂಡಳು.

"ಗೊತ್ತಾಗ್ತಿಲ್ಲ ಕಣೆ," ಎಂದ.

ಅವಳು ಪಾದವನ್ನು ಅಲ್ಲೇ ಇಟ್ಟಿದ್ದಳು. ಕಿಟಕಿಯಾಚೆ ಬೆಳಕು ಇಳಿಯಿತು, ಬೀರುವಿನ ಮೇಲಿನ ನೀಲಿ, ಹಳದಿ ಎಲ್ಲ ಒಂದೇ ಬೂದು ಬಣ್ಣಕ್ಕೆ ತಿರುಗಿದವು. ಕಾಲು ಬಹಳ ಹೊತ್ತು ನೆನೆಯಬಾರದು ಎಂದು ಹೇಳಿದ್ದರು. ನೀರು ಆರಿ ತಣ್ಣಗಾಗುತ್ತ ಬಂತು. ಅದು ಅವಳೊಬ್ಬಳಿಗೇ ಗೊತ್ತಾಗುತ್ತಿತ್ತು. ಅವಳು ಹೇಳಲಿಲ್ಲ, ಕಾಲನ್ನೂ ತೆಗೆಯಲಿಲ್ಲ.