ಮಾವನ ತಟ್ಟೆಯಲ್ಲಿ ಉಳಿದದ್ದು

ಭಾನುವಾರ ಚರ್ಚಿನಿಂದ ಬಂದ ಮೇಲೆ ಮೊದಲ ಊಟ ಮನೆಯ ಯಜಮಾನ ಫುವಾತಾಯಿಯದು. ಸವಾಯಿ ದ್ವೀಪದ ಆ ಊರಿನ ಮುಖಂಡರಲ್ಲಿ ಅವನೊಬ್ಬ. ಅವನು ಉಂಡು ಬಿಟ್ಟದ್ದರಲ್ಲಿ ಮಕ್ಕಳ ಊಟ. ಎದುರಿಗೆ ಕೂತು, ತುಟಿ ಬಿಚ್ಚದೆ, ಬೀಸಣಿಗೆಯಿಂದ ನೊಣ ಓಡಿಸುವುದು ಸೊಸೆ ಸೆಫಿನಾಳ ಕೆಲಸ.

ಈಚೆಗೆ ತಟ್ಟೆಯಲ್ಲಿ ಉಳಿಯುವುದು ಜಾಸ್ತಿಯಾಗಿತ್ತು. ಹಂದಿಮಾಂಸದ ಒಳ್ಳೊಳ್ಳೆ ತುಂಡುಗಳೇ ಮೊಮ್ಮಕ್ಕಳಿಗೆ ಸಿಗುತ್ತಿದ್ದವು. ಅತ್ತೆ ಪೆಪೆಯಂತೂ ಹಿಗ್ಗಿ ಹೀರೇಕಾಯಿಯಾಗಿದ್ದಳು. "ಮದ್ವೆ ಆದಾಗಿಂದ ಮೂಳೆನೂ ಬಿಟ್ಟೋರಲ್ಲ ಇವ್ರು. ಈಗ ಮೊಮ್ಮಕ್ಕಳು ಅಂದ್ರೆ ಜೀವ" ಎಂದು ಚರ್ಚಿನ ಹೆಂಗಸರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಪ್ರೀತಿ ಅಂದುಕೊಂಡ ಮೇಲೆ ಯಾರು ತಾನೇ ನಾಡಿ ಹಿಡಿದು ನೋಡುತ್ತಾರೆ?

ಹತ್ತಿರ ಕೂತ ಸೆಫಿನಾಳಿಗೆ ಬೇರೆಯೇ ಕಾಣುತ್ತಿತ್ತು. ಕೆಸುವಿನ ಗೆಡ್ಡೆಯ ಒಂದೊಂದು ತುತ್ತಿಗೂ ಮಾವನಿಗೆ ನೀರು ಬೇಕು. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದ. ಎದೆಯ ಕೆಳಗೆ ಕೈ ಒತ್ತಿಕೊಂಡು, ಯಾರಾದರೂ ನೋಡಿದರೆ ತೇಗುವ ಹಾಗೆ ನಟಿಸುತ್ತಿದ್ದ. ಸೊಂಟದ ಪಂಚೆಯನ್ನು ಈಗ ಇನ್ನೊಂದು ಸುತ್ತು ಸುತ್ತಬೇಕಿತ್ತು.

ಆ ಭಾನುವಾರ ತುತ್ತು ಗಂಟಲ ನಡುವೆಯೇ ನಿಂತಿತು. ಅವನ ಕಣ್ಣಲ್ಲಿ ನೀರು ಬಂತು. ಸೆಫಿನಾ ಬೀಸುವುದನ್ನು ನಿಲ್ಲಿಸಿದಳು.

"ಮಾವ, ಅದು ಇಳೀತಿಲ್ಲ ಅಲ್ವಾ?"

"ಸುಮ್ನೆ ಬೀಸು. ಉಣ್ಣೋವಾಗ ಮಾತಾಡೋದು ಯಾವಾಗ ಕಲ್ತೆ?"

"ಬೈದ್ರೂ ಪರವಾಗಿಲ್ಲ. ನಾಳೆ ಹಡಗಲ್ಲಿ ಆಪಿಯಾ ಪಟ್ಟಣದ ಆಸ್ಪತ್ರೆಗೆ ಹೋಗೋಣ. ತಡ ಮಾಡಿದ್ರೆ ನಿಮ್ಮನ್ನ ಕಳ್ಕೊಂಡ್ಬಿಡ್ತೀವೇನೋ ಅಂತ ಭಯ ನಂಗೆ."

ಅಡುಗೆ ಮನೆಯಿಂದ ಪೆಪೆ ಬಂದಳು. "ಏನೇ ಅದು? ಅವ್ರು ಮಕ್ಳಿಗೆ ಅಂತ ಬಿಡೋದು ನಿನ್ನ ಕಣ್ಣು ಕುಕ್ತಿದ್ಯಾ?"

ಸೆಫಿನಾ ತಲೆ ತಗ್ಗಿಸಿದಳು. ಮುಖಂಡನ ಊಟದ ವಿಷಯಕ್ಕೆ ಸೊಸೆಯೊಬ್ಬಳು ಬಾಯಿ ಹಾಕಿದ್ದು ಆ ಮನೆಯಲ್ಲಿ ಅದೇ ಮೊದಲು. ಆದರೂ ಎದ್ದು ಹೋಗಲಿಲ್ಲ, ಪುಣ್ಯಾತ್ಗಿತ್ತಿ.

ಫುವಾತಾಯಿ ತಟ್ಟೆ ಸರಿಸಿದ. "ಅವಳನ್ನ ಬೈಬೇಡ ಪೆಪೆ. ಸರಿಯಾಗೇ ನೋಡಿದಾಳೆ. ಹೊರಗಡೆ ಹೋದ್ರೆ ಟಾರಿನ ಹಾಗೆ ಕಪ್ಪಗೆ ಹೋಗ್ತಿದೆ. ತಿಂದಿದ್ದು ಎಷ್ಟೋ ಸಲ ವಾಪಸ್ ಬಂದಿದೆ, ಸಮುದ್ರದ ಕಡೆ ಹೋಗಿ ಬಂದು ಬಾಯಿ ತೊಳ್ಕೊಂಡಿದೀನಿ."

"ಮತ್ಯಾಕೆ ಹೇಳ್ಲಿಲ್ಲ?" ಎಂದಳು ಪೆಪೆ.

"ನೀವೆಲ್ಲ ಅದನ್ನ ಪ್ರೀತಿ ಅಂದ್ರಿ. ಹೆದರಿಕೆ ಅಂತ ಹೇಳೋಕೆ ನಾಚಿಕೆ ಆಯ್ತು."

ಪೆಪೆ ಚಾಪೆಯ ಮೇಲೆ ಅವನ ಪಕ್ಕ ಕೂತಳು. ಎದೆಯ ಕೆಳಗೆ ಒತ್ತಿ ಹಿಡಿದಿದ್ದ ಅವನ ಕೈ ಬಿಡಿಸಿ, ಅಲ್ಲಿ ತನ್ನ ಅಂಗೈ ಇಟ್ಟಳು.

"ಇಲ್ಲೇನಾ?" ಎಂದಳು.