ಬೇಲಿಯ ಬುಡ

ಶೋಕಿರ್ ಬೇಲಿಯ ಹಲಗೆಗಳನ್ನು ಒಂದೊಂದಾಗಿ ಕಿತ್ತು ಗೋಡೆಗೆ ಒರಗಿಸುತ್ತಿದ್ದ. ಪಕ್ಕದ ಮನೆಯ ವೃದ್ಧ, ಎಲ್ಲರೂ ಅಕಾ, ಅಂದರೆ ಅಣ್ಣ, ಎಂದು ಕರೆಯುತ್ತಿದ್ದ ಮಾಮರಸೂಲ್, ಬೆಳಗಿನ ಜಾವ ತೀರಿಕೊಂಡಿದ್ದರು. ಸಾವಿನ ಮನೆಗೆ ಬಂದವರು ಕೂರಲು ನೆರೆಯವನ ಅಂಗಳವೂ ತೆರೆದಿರಬೇಕು. ಮರ್ಗಿಲಾನ್ ಪಟ್ಟಣದ ಆ ಮೊಹಲ್ಲಾದಲ್ಲಿ ಜಗಳವಾಡಿದವರೂ ಈ ಪದ್ಧತಿ ತಪ್ಪಿಸುತ್ತಿರಲಿಲ್ಲ.

ಬೇಲಿಯ ಬುಡ ಎರಡೂ ಕಡೆ ಬೋಳಾಗಿತ್ತು. ಒಂದು ಹುಲ್ಲುಕಡ್ಡಿಯೂ ಇಲ್ಲ.

"ನಮ್ಮ ಕಡೆ ಕಳೆ ನೀನು ತಾನೇ ಕಿತ್ತಿದ್ದು?" ಎಂದು ಬೆಂಚು ಎಳೆದು ತರುತ್ತಿದ್ದ ಹೆಂಡತಿಯನ್ನು ಕೇಳಿದ.

"ನಂಗೆಲ್ಲಿ ಪುರುಸೊತ್ತು?" ಎಂದಳು ನಜೋಕತ್. "ಅಕಾನೇ ಬೇಲಿ ಸಂದೀಲಿ ಕೈ ತೂರಿಸಿ ಕೀಳ್ತಿದ್ರು. ನಮ್ಮ ಟೊಮ್ಯಾಟೊ ಗಿಡಕ್ಕೆ ಬಳ್ಳಿ ಸುತ್ತಿಕೊಳ್ಳುತ್ತೆ ಅಂತ."

"ಒಂದು ಮಾತು ಹೇಳಬಾರದಿತ್ತಾ?"

"ಯಾರಿಗೆ, ನಿಮಗಾ? ಅವ್ರ ಹೆಸರೆತ್ತಿದ್ರೆ ಮೈಮೇಲೇ ಬರ್ತಿದ್ರಿ." ಅವಳು ಬೆಂಚು ಕೆಳಗಿಟ್ಟಳು. "ಇವತ್ತು ಶವದ ಜನಾಜಾ ಮುಂದೆ ಇಮಾಮರು ಕೇಳ್ತಾರಲ್ಲ, ಸತ್ತವರು ಎಂಥ ಮನುಷ್ಯ ಅಂತ. ಏನಂತೀರಿ?"

ಶೋಕಿರ್ ಮುಂದಿನ ಹಲಗೆಗೆ ಕೈ ಹಾಕಿದ.

*

ಹೋದ ವಸಂತದಲ್ಲಿ ಮುದುಕ ದಿನವೂ ಬೇಲಿಯ ಬುಡದಲ್ಲಿ ಗುದ್ದಲಿ ಆಡಿಸುವುದನ್ನು ಕಂಡು ಶೋಕಿರನ ತಲೆಗೆ ಅನುಮಾನ ಹೊಕ್ಕಿತ್ತು. ಕಳೆ ತೆಗೆಯುವ ನೆಪದಲ್ಲಿ ಬೇಲಿಯನ್ನು ಇತ್ತ ಸರಿಸುತ್ತಿದ್ದಾನೆ ಎಂದು ದೂರಿದ. ಚಹಾದಂಗಡಿಯಲ್ಲಿ ಹಿರಿಯರು ಸೇರಿದರು.

"ಪಕ್ಕದ ಮನೆಯವನು ನೀನೇ ಹೇಳಪ್ಪ, ಇವರು ಎಂಥ ಮನುಷ್ಯ?" ಎಂದು ಇಮಾಮರು ಕೇಳಿದರು.

"ಮಣ್ಣುಗಳ್ಳ," ಎಂದ ಶೋಕಿರ್, ಬೀದಿಗೆಲ್ಲ ಕೇಳುವಂತೆ.

ಮಾಮರಸೂಲ್ ಅಕಾ ರೊಟ್ಟಿಯ ಮೇಲೆ ಕೈಯಿಟ್ಟು ಆಣೆ ಮಾಡಿದರು. ಅದುವರೆಗೆ ಜೀವಮಾನದಲ್ಲಿ ರೊಟ್ಟಿ ಮುಟ್ಟಿ ಆಣೆ ಮಾಡಿದವರಲ್ಲ. ಹಗ್ಗ ಹಿಡಿದು ಅಳೆದಾಗ ಬೇಲಿ ಒಂದು ಬೆರಳೂ ಸರಿದಿರಲಿಲ್ಲ. ಶೋಕಿರ್ ಕ್ಷಮೆ ಕೇಳಲಿಲ್ಲ. ನಾಳೆ ಕೇಳಿದರಾಯಿತು ಎಂದುಕೊಂಡ.

*

ನಿಲುವಂಗಿಯ ಮೇಲೆ ಶೋಕದ ನಡುಪಟ್ಟಿ ಬಿಗಿದಿದ್ದ ಬೊತಿರ್, ಸತ್ತವರ ಮಗ, ಬೇಲಿಯಿದ್ದ ಜಾಗ ದಾಟಿ ಬಂದ.

"ಅಕಾ, ಪ್ರಾರ್ಥನೆಗೆ ನೀವು ಮೊದಲನೇ ಸಾಲಲ್ಲಿ ನಿಲ್ಲಿ. ಪಕ್ಕದ ಮನೆಯವರ ಮಾತಿಗೆ ತೂಕ ಜಾಸ್ತಿ." ಅವನ ಕಣ್ಣು ನೆಲದ ಮೇಲೆ ಬಿತ್ತು. "ಅಪ್ಪ ಆಮೇಲೆ ಗುದ್ದಲಿ ಮುಟ್ಟಲೇ ಇಲ್ಲ. ಮಂಡಿ ನೋವಿದ್ರೂ ಕುಕ್ಕರುಗಾಲಲ್ಲಿ ಕೂತು ಕೈಯಲ್ಲೇ ಕೀಳ್ತಿದ್ರು. ಗುದ್ದಲಿ ಹಾಕಿದ್ರೆ ಮಣ್ಣು ಅಲುಗುತ್ತೆ, ಶೋಕಿರನಿಗೆ ಮತ್ತೆ ಮನಸ್ಸು ಕೆಡುತ್ತೆ ಅಂತಿದ್ರು."

ಹುಡುಗ ಅದನ್ನು ಚುಚ್ಚಿ ಹೇಳಿದ್ದರೂ ಚೆನ್ನಾಗಿತ್ತು. ಸುಮ್ಮನೆ ನೆನಪಾಗಿ ಹೇಳಿದ್ದ. ಶೋಕಿರನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಮಧ್ಯಾಹ್ನ ಸ್ಮಶಾನದ ಬಯಲಲ್ಲಿ ಪ್ರಾರ್ಥನೆ ಮುಗಿಯಿತು. ಇಮಾಮರು ಸಾಲುಗಳ ಕಡೆ ತಿರುಗಿದರು.

"ಮಾಮರಸೂಲ್ ಎಂಥ ಮನುಷ್ಯರಾಗಿದ್ದರು?"

"ಒಳ್ಳೆಯವರು," ಎಂದರು ಎಲ್ಲರೂ ಒಟ್ಟಿಗೆ.

ಶೋಕಿರ್ ತಡವಾಗಿ ಬಾಯಿ ತೆರೆದ. ಎಲ್ಲರ ದನಿ ಅಡಗಿದ ಮೇಲೆ ಅವನದೊಂದೇ ದನಿ ಸಣ್ಣಗೆ ಹೊರಬಂತು.

"ಒಳ್ಳೆಯವರು."

ಇಮಾಮರು ಅವನನ್ನೇ ನೋಡಿದರು. "ಹಿಂದಿನ ಸಾಲಿನವರಿಗೆ ಕೇಳಿಸಲಿಲ್ಲಪ್ಪ," ಎಂದರು ಮೆಲ್ಲಗೆ.

ಶೋಕಿರ್ ಜನಾಜಾಕ್ಕೆ ಬೆನ್ನು ಮಾಡಿ ಜನರ ಕಡೆ ತಿರುಗಿದ. ಅಂದು ಚಹಾದಂಗಡಿಯಲ್ಲಿ ಕೂತಿದ್ದವರೆಲ್ಲ ಅವನ ಬಾಯನ್ನೇ ನೋಡುತ್ತ ನಿಂತಿದ್ದರು.