ಹೊಂಗೆ ಸಾಲಿನ ಸವತಿ

ನಾನು ಒಂದು ಕರಿ ಕೊಡೆ. ಹುಟ್ಟಿದ್ದು ಮೈಸೂರಿನ ಶಿವರಾಂಪೇಟೆಯ ಒಂದು ಗಲ್ಲಿಯಲ್ಲಿ, ಖಲಂದರ್ ಸಾಹೇಬರ ಅಂಗಡಿಯಲ್ಲಿ. ಅಂಗಡಿ ಎಂದರೆ ಅವರೊಬ್ಬರು ಕೂತರೆ ಗಿರಾಕಿ ಬೀದಿಯಲ್ಲೇ ನಿಲ್ಲಬೇಕು, ಅಷ್ಟು ಜಾಗ. ಸಾಹೇಬರು ಕಡ್ಡಿಗಳನ್ನು ತಂತಿಯಿಂದ ಬಿಗಿದರು, ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು ಹೊಲಿದರು, ಕೊನೆಗೆ ಬೆತ್ತದ ಡೊಂಕು ಹಿಡಿಯನ್ನು ಸಿಕ್ಕಿಸಿದರು. ಆಮೇಲೆ ನನ್ನನ್ನು ಬಿಚ್ಚಿ ಬಿಸಿಲಿಗೆ ಹಿಡಿದು, ಒಳಗಿನಿಂದ ಕಣ್ಣು ಕಿರಿದು ಮಾಡಿ ನೋಡಿದರು. ಒಂದು ಚುಕ್ಕೆ ಬೆಳಕೂ ತೂರಿ ಬರಲಿಲ್ಲ. ಇದು ಮಳೆಗಿಂತ ಬಿಸಿಲಿಗೇ ಹುಟ್ಟಿದ ಕೊಡೆ ಎಂದು ಪಕ್ಕದ ಅಂಗಡಿಯವರಿಗೆ ಹೇಳಿದರು. ಆ ಮಾತು ನನ್ನ ತಲೆಗೇರಿತು. ಇವತ್ತಿಗೂ ಇಳಿದಿಲ್ಲ.

ನನ್ನನ್ನು ಕೊಂಡವನು ಪಾವಗಡದ ನರಹರಿ. ಅಕ್ಕನ ಮದುವೆಗೆ ಸೀರೆ ತೆಗೆಯಲು ಮೈಸೂರಿಗೆ ಬಂದಿದ್ದ. ಅವರಂಥ ಮನೆಗಳ ಮದುವೆಯಲ್ಲಿ ಕಾಶಿಯಾತ್ರೆ ಎಂಬ ಒಂದು ಆಟವಿದೆ. ಮದುಮಗ ನನಗೆ ಸಂಸಾರ ಬೇಡ, ಕಾಶಿಗೆ ಹೊರಟೆ ಎಂದು ಹೊಸ ಕೊಡೆ, ಕೋಲು, ಚಪ್ಪಲಿ ಸಮೇತ ಛತ್ರದ ಬಾಗಿಲು ದಾಟಿ ನಾಲ್ಕು ಹೆಜ್ಜೆ ಹಾಕುತ್ತಾನೆ. ಹೆಣ್ಣಿನ ಕಡೆಯವರು ಅಡ್ಡ ನಿಂತು, ಬೇಡಪ್ಪ, ನಮ್ಮ ಹುಡುಗಿಯನ್ನು ಕೊಡುತ್ತೇವೆ ಎಂದು ಕೈಹಿಡಿದು ಕರೆತರುತ್ತಾರೆ. ಆ ಕೊಡೆ ನಾನು. ಮದುಮಗ ಪಶುಪತಿರಾಯರ ತಲೆಯ ಮೇಲೆ ಬಾಸಿಂಗಕ್ಕೆ ತಾಗಿಕೊಂಡು ನಿಂತೆ. ಹುಡುಗಿಯ ಮುಖವನ್ನು ಅವರು ಸರಿಯಾಗಿ ನೋಡುವ ಮೊದಲೇ ನನ್ನ ನೆರಳಿನಲ್ಲಿದ್ದರು. ಹೀಗಾಗಿ ಅವರ ಸಂಸಾರದಲ್ಲಿ ನನಗೆ ಮೊದಲ ಹಕ್ಕು ಇದೆ ಎಂದೇ ನನ್ನ ಲೆಕ್ಕ.

ಹುಡುಗಿ ವಿಶಾಲಾಕ್ಷಿ. ಪಶುಪತಿರಾಯರು ಕರೆಯುತ್ತಿದ್ದುದು ವಿಶಾಲು ಎಂದು. ನಾನೂ ಹಾಗೇ ಕರೆಯುತ್ತೇನೆ, ಯಾರು ಕೇಳುತ್ತಾರೆ. ಅವಳ ಮೇಲೆ ಉರಿದು ಬೀಳಬೇಕು ಎಂದುಕೊಂಡೇ, ಮದುವೆ ಮುಗಿದ ಮೇಲೆ ಅವರಿಬ್ಬರ ಜೊತೆ ರಾಯರ ಊರಾದ ಮೈಸೂರಿಗೆ ವಾಪಸು ಬಂದೆ. ಆದರೆ ರೈಲ್ವೆ ಸ್ಟೇಷನ್ನಿನಿಂದ ಹೊರಗೆ ಬಿಸಿಲಿಗೆ ಬಂದ ಕೂಡಲೇ ಅವಳು ಕೈಚಾಚಿ ನನ್ನನ್ನು ತೆಗೆದುಕೊಂಡಳು. ಪಾವಗಡದ ಬಿಸಿಲಿನಲ್ಲಿ ಬೆಳೆದವಳಿಗೆ ಕೊಡೆಯ ಬೆಲೆ ಗೊತ್ತಿತ್ತು. ನೆತ್ತಿಯ ಮೇಲೆ ನೇರವಾದ ಬೈತಲೆ, ಕಿವಿಯ ಹಿಂದೆ ಒಂದು ಎಸಳು ಮರುಗ. ಬೇರೆ ವಸ್ತುಗಳೆಲ್ಲ ಯಜಮಾನರನ್ನು ಕೆಳಗಿನಿಂದ ನೋಡುತ್ತವಂತೆ. ನಾನು ನೋಡಿದ್ದು ಮೇಲಿನಿಂದ. ಆ ಬೈತಲೆ ನನ್ನದು ಎಂದು ಅಂದೇ ತೀರ್ಮಾನಿಸಿಬಿಟ್ಟೆ. ರಾಯರ ಮೇಲಿದ್ದ ಹಕ್ಕನ್ನು ಅಲ್ಲೇ ಬಿಟ್ಟುಕೊಟ್ಟೆ.

ರಾಯರಿಗೆ ರೇಷ್ಮೆ ಇಲಾಖೆಯಲ್ಲಿ ಕೆಲಸ. ಮನೆ ಅಗ್ರಹಾರದ ಹತ್ತಿರದ ಒಂದು ಬೀದಿಯಲ್ಲಿ. ಹೆಸರು ಹೇಳುವುದಿಲ್ಲ, ಹೇಳಿದರೆ ಅಲ್ಲಿನವರಿಗೆ ಮುಜುಗರವಾದೀತು. ಬೇಸಿಗೆಯ ಭಾನುವಾರಗಳಲ್ಲಿ ಹೊಸ ಹೆಂಡತಿಗೆ ಊರು ತೋರಿಸುವುದು ಅವರಿಗೊಂದು ಖಯಾಲಿ. ಜಗಲಿ ಮನೆಗಳ ಅಗ್ರಹಾರ ಸುತ್ತಿಸಿ, ದೇವರಾಜ ಮಾರ್ಕೆಟ್ಟಿನ ಹೂವಿನ ಸಾಲಿನಲ್ಲಿ ಒಂದು ಮೊಳ ಮಲ್ಲಿಗೆ ಕೊಡಿಸಿ, ಗಡಿಯಾರದ ಗೋಪುರದ ಕೆಳಗೆ ನಿಂತು ಅರಮನೆಯ ಕಡೆ ಕೈತೋರಿಸಿ ಅರಸರ ಕಾಲದ ಕಥೆ ಶುರುಮಾಡುತ್ತಿದ್ದರು. ಅಲ್ಲಿಂದ ಲಕ್ಷ್ಮೀಪುರದ ಹಳೇ ಬಂಗಲೆಗಳ ಮುಂದೆ ಹಾದು ಕುಕ್ಕರಹಳ್ಳಿ ಕೆರೆ. ಕೆರೆ ಏರಿಯ ಕಲ್ಲುಬೆಂಚಿನ ಮೇಲೆ ಇಬ್ಬರೂ ಕಡಲೆಕಾಯಿ ಬಿಡಿಸುತ್ತ ಕೂತರೆ ಹೊತ್ತು ಇಳಿಯುವವರೆಗೂ ಏಳುತ್ತಿರಲಿಲ್ಲ. ದಾರಿಯ ಬಯಲಿನಲ್ಲೆಲ್ಲ ನಾನು ಇಬ್ಬರ ಮೇಲೂ ಇರುತ್ತಿದ್ದೆ. ರಾಯರ ಎಡಹೆಗಲು ಯಾವಾಗಲೂ ನನ್ನಿಂದ ಆಚೆ ಬಿಸಿಲಿನಲ್ಲಿ ಇರುತ್ತಿತ್ತು. ಅವಳ ಕಡೆಗೆ ನನ್ನನ್ನು ಅಷ್ಟು ವಾಲಿಸಿ ಹಿಡಿಯುತ್ತಿದ್ದರು.

ಸುಖ ಅಷ್ಟೇ. ಉಳಿದದ್ದೆಲ್ಲ ಹೊಟ್ಟೆಯುರಿಯ ಕಥೆ.

ನಮ್ಮ ಬೀದಿಯ ಎರಡೂ ಬದಿಗೆ ಹೊಂಗೆ ಮರಗಳ ಸಾಲಿತ್ತು. ಬೇರೆ ಗಿಡಗಳು ಬಿಸಿಲಿಗೆ ಸೊರಗುವ ಹೊತ್ತಿಗೆ ಸರಿಯಾಗಿ ಈ ಹೊಂಗೆಗಳು ಹೊಸ ಎಲೆ ಹೊದ್ದು, ಎಣ್ಣೆ ಹಚ್ಚಿದ ಹಾಗೆ ಮಿರಿಮಿರಿ ಮಿಂಚುತ್ತ ನಿಲ್ಲುತ್ತಿದ್ದವು. ಕೆಳಗೆ ಪುರಿ ಚೆಲ್ಲಿದಂತೆ ಹೂವು. ವಿಶಾಲು ಅಂಥ ಸಾಲನ್ನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಗೇಟು ದಾಟಿ ಮೊದಲ ಮರದಡಿ ಬಂದ ಕೂಡಲೇ ಕತ್ತೆತ್ತಿ, ಉಸಿರು ಬಿಟ್ಟು, ಗಂಡನಿಗೆ ಹೇಳುತ್ತಿದ್ದಳು: "ಕೊಡೆ ಮುಚ್ಚಿ ಅಂದ್ರೆ. ಮರ ಇದೆಯಲ್ಲ."

ಪ್ರತಿ ಭಾನುವಾರ ಇದೇ ಮಾತು. ನಾನು ಟಪ್ಪನೆ ಮುಚ್ಚಿಕೊಳ್ಳಬೇಕು. ಬೀದಿಯ ಕೊನೆ ಮುಟ್ಟುವವರೆಗೂ ನೆಲ ಕುಟ್ಟುತ್ತ ಹೋಗಬೇಕು, ದೊಣ್ಣೆಯ ಹಾಗೆ. ಕೆರೆಯ ಹತ್ತಿರ ಮಳೆಮರಗಳು ಬಂದರೆ ಮತ್ತೆ ಅದೇ ಗತಿ. ನನ್ನ ನೆರಳು ಇಡಿಯಾಗಿತ್ತು, ಅವುಗಳದು ತೂತು ತೂತು. ಅವಳಿಗೆ ಆ ತೂತಿನ ನೆರಳೇ ಹೆಚ್ಚಾಯಿತು. ನನ್ನ ಕೆಳಗೆ ನಡೆಯುವಾಗ ಅವಳು ಮುಂದೆ ನೋಡುತ್ತಿದ್ದಳು, ಮರದ ಕೆಳಗೆ ನಡೆಯುವಾಗ ಮೇಲೆ ನೋಡುತ್ತಿದ್ದಳು. ಅಷ್ಟು ವರ್ಷದಲ್ಲಿ ಒಂದು ಸಲವಾದರೂ ಕತ್ತೆತ್ತಿ ನನ್ನನ್ನು ನೋಡಿದ್ದರೆ ನಾನು ಇಷ್ಟು ಕೆಟ್ಟವನಾಗುತ್ತಿರಲಿಲ್ಲ.

ಗಾಯದ ಮೇಲೆ ಉಪ್ಪು ಸವರಿದ್ದು ಇನ್ನೊಂದು. ನಿಷಾದ್ ಬಾಗ್ ಪಾರ್ಕಿನಲ್ಲೋ ಕೆರೆ ದಂಡೆಯಲ್ಲೋ ಸಂಪಿಗೆ ಹೂವು ಕೈಗೆಟುಕದೆ ಇದ್ದರೆ ನನ್ನ ಡೊಂಕು ಹಿಡಿಯನ್ನು ಕೊಂಬೆಗೆ ಸಿಕ್ಕಿಸಿ ಬಗ್ಗಿಸುತ್ತಿದ್ದಳು. ನನ್ನ ಕತ್ತು ಹಿಡಿದು ಸವತಿಯ ಕೈಗೆ ಕೈ ಕೊಡಿಸಿದ ಹಾಗೆ. ಹೂವು ಮುಡಿಗೇರುತ್ತಿತ್ತು, ನಾನು ಮತ್ತೆ ಕಂಕುಳಿಗೆ. ಆ ಮರಗಳೆಲ್ಲ ಬುಡಸಮೇತ ಬೀಳಲಿ ಎಂದು ನಾನು ಶಪಿಸುತ್ತಿದ್ದೆ. ಸುಮ್ಮನೆ ಬಾಯಿಮಾತಿಗಲ್ಲ, ಮನಸಾರೆ. ಮರವಿಲ್ಲದ ಬೀದಿಯಲ್ಲಿ, ಮನೆಯಿಂದ ಕೆರೆಯವರೆಗೆ, ಅವಳು ನನ್ನ ಕೆಳಗೆ ಮಾತ್ರ ನಡೆಯಬೇಕು. ನನಗೆ ಬೇಕಿದ್ದದ್ದು ಅದೊಂದೇ.

ವರ್ಷಗಳು ಹೋದವು. ಅವಳ ಬೈತಲೆ ಅಗಲವಾಯಿತು, ರಾಯರ ನೆತ್ತಿ ಬೋಳಾಯಿತು, ನನ್ನ ಬಟ್ಟೆಯ ಕಪ್ಪು ಕಂದಿತು. ರಾಯರು ರಿಟೈರ್ ಆದರು. ಭಾನುವಾರದ ತಿರುಗಾಟ ಮಾತ್ರ ಬಿಡಲಿಲ್ಲ.

ಒಂದು ಬೇಸಿಗೆ ವಿಶಾಲು ತಮ್ಮನ ಮಗಳ ಬಾಣಂತನಕ್ಕೆಂದು ಪಾವಗಡಕ್ಕೆ ಹೋದಳು. ಆಗಲೇ ನಮ್ಮ ಬೀದಿಗೆ ಒಬ್ಬ ಇಂಜಿನಿಯರ್ ಬಂದದ್ದು. ರಸ್ತೆ ಅಗಲ ಮಾಡಬೇಕು, ಹೊಂಗೆ ಸಾಲು ತೆಗೆಯಬೇಕು, ಬೀದಿಯವರ ತಕರಾರು ಇದ್ದರೆ ಕೇಳಿಕೊಂಡು ಬಾ ಎಂದು ಮೇಲಿನವರು ಕಳಿಸಿದ್ದರು. ಪಾಪ, ಸಂಕೋಚದ ಮನುಷ್ಯ. ಹೊರಗಿನ ಊರಿನವರು. ಬಿಸಿಲಿನಲ್ಲಿ ಬೆವರಿಳಿಸುತ್ತ ಗೇಟಿನ ಮುಂದೆ ನಿಂತವರನ್ನು ಬೀದಿಯ ಮೊದಲ ಮನೆಯವರು ಒಳಗೆ ಕರೆದು ಕಾಫಿ ಕೊಟ್ಟರು. ಎರಡನೆಯ ಮನೆಯಲ್ಲಿ ಪಾನಕ, ಮೂರನೆಯದರಲ್ಲಿ ಮಜ್ಜಿಗೆ. ನಮ್ಮ ರಾಯರು ಕಾಫಿಯ ಜೊತೆ ಕೋಡುಬಳೆ ಇಟ್ಟು, ತಮ್ಮದು ಯಾವೂರು, ಮಕ್ಕಳೆಷ್ಟು, ಊಟ ಎಲ್ಲಿ ಮಾಡುತ್ತೀರಿ ಎಂದು ವಿಚಾರಿಸಿಕೊಂಡರು. ಮೂಲೆಯ ಮೊಳೆಗೆ ನೇತುಬಿದ್ದಿದ್ದ ನಾನು ಎಲ್ಲ ಕೇಳಿಸಿಕೊಂಡೆ. ಕೊನೆಗೆ ಇಂಜಿನಿಯರು ಮರದ ವಿಷಯ ಎತ್ತಿದರು. ರಾಯರು ಕೋಡುಬಳೆಯ ತಟ್ಟೆ ಕೈಗೆತ್ತಿಕೊಂಡರು. ಮನೆಗೆ ಬಂದು ತಿಂಡಿ ತಿನ್ನುತ್ತಿರುವವರ ಮುಖಕ್ಕೆ ಬೇಡ ಎನ್ನುವುದು ಹೇಗೆ? ತಾವು ಸರ್ಕಾರದವರು, ತಮಗೆ ತಿಳಿಯದ್ದೇನಿದೆ ಎಂದು ಹೇಳಿ ಇನ್ನೆರಡು ಕೋಡುಬಳೆ ಬಡಿಸಿದರು. ಎಲ್ಲ ಮನೆಯಲ್ಲೂ ಹೀಗೇ ಆಯಿತು. ಅವರು ಹೋದ ಮೇಲೆ ಒಬ್ಬೊಬ್ಬರೂ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯವರನ್ನು ಕೇಳಿದರು, ನೀವಾದರೂ ಹೇಳಿದಿರಿ ತಾನೆ ಎಂದು. ಯಾರೂ ಹೇಳಿರಲಿಲ್ಲ. ನನಗೆ ಒಳಗೊಳಗೇ ಹಬ್ಬ.

ವಿಶಾಲು ವಾಪಸು ಬರುವ ಹೊತ್ತಿಗೆ ಸಾಲು ಹೋಗಿತ್ತು. ಆಟೋ ಇಳಿದವಳು ಒಂದು ಗಳಿಗೆ ಬೀದಿ ತಪ್ಪಿತೇನೋ ಎಂಬಂತೆ ನಿಂತಳು. ಆಮೇಲೆ ಗೇಟಿನಲ್ಲಿ ಕಾದಿದ್ದ ಗಂಡನ ಮುಖ ನೋಡಿದಳು. ನಡೆದದ್ದನ್ನು ರಾಯರು ತಲೆ ಬಗ್ಗಿಸಿಕೊಂಡು ಹೇಳಿದರು. ಅವಳು ಕೂಗಾಡಲಿಲ್ಲ.

"ಕಾಫಿ ಕೊಟ್ರಿ, ಕೋಡುಬಳೆ ಕೊಟ್ರಿ. ಜೊತೆಗೆ ಮರಾನೂ ಕೊಟ್ಟು ಕಳಿಸಿದ್ರಲ್ಲ ರೀ" ಎಂದಳು. ಅಷ್ಟೇ ಹೇಳಿ ಒಳಗೆ ಹೋದಳು.

ಭಾನುವಾರ ಬಂತು. ರಾಯರು ಬಹಳ ಗೋಗರೆದ ಮೇಲೆ ಹೊರಟಳು. ನಾನು ಗೇಟಿನಲ್ಲೇ ಬಿಚ್ಚಿಕೊಂಡೆ. ಮುಚ್ಚು ಎನ್ನುವವರಿಲ್ಲ. ಬೀದಿಯುದ್ದಕ್ಕೂ ನಾನೇ, ನಾನೊಬ್ಬನೇ. ಇಷ್ಟು ಕಾಲ ಕೇಳಿಕೊಂಡದ್ದು ಕೈಗೂಡಿತಲ್ಲ ಎಂದು ಕಡ್ಡಿಗಳನ್ನೆಲ್ಲ ಸೆಟೆಸಿ ನಿಂತೆ. ಹೊಸ ಡಾಂಬರು ಹೊಳೆಯುತ್ತಿತ್ತು. ಮೊದಲು ನನ್ನ ಬಟ್ಟೆ ಕಾಯಿತು, ಆಮೇಲೆ ಕಡ್ಡಿ, ಆಮೇಲೆ ಹಿಡಿ. ರಾಯರು ಕೈ ಬದಲಾಯಿಸಿದರು. ವಿಶಾಲುವಿನ ಬೈತಲೆಯಿಂದ ಬೆವರು ಹಣೆಗೆ ಇಳಿಯುವುದು ಕಂಡಿತು. ಬೀದಿಯ ಕೊನೆಯನ್ನೂ ಮುಟ್ಟಿರಲಿಲ್ಲ, ಅವಳು ಒಂದು ಕಾಂಪೌಂಡಿಗೆ ಕೈಯೂರಿ ನಿಂತುಬಿಟ್ಟಳು.

"ನನ್ ಕೈಲಾಗಲ್ಲ. ವಾಪಸ್ ಹೋಗೋಣ."

"ಕೊಡೆ ಇದೆಯಲ್ಲೇ ವಿಶಾಲು."

"ಕೊಡೆ ತಲೆಗೆ ಆಯ್ತು. ಕೆಳಗಿಂದ ಬರೋ ಉರಿಗೆ ಏನ್ ಮಾಡ್ತೀರಿ?"

ಆಗ ನನಗೆ ತಿಳಿಯಿತು. ನನ್ನ ನೆರಳು ಅಷ್ಟು ವರ್ಷ ತಣ್ಣಗೆ ಇದ್ದದ್ದು ನನ್ನಿಂದಲ್ಲ. ನೆಲವನ್ನು ತಂಪಾಗಿ ಇಟ್ಟದ್ದು ಆ ಮರಗಳು, ಗಾಳಿಯನ್ನು ಸೋಸಿ ಕೊಟ್ಟದ್ದೂ ಅವೇ. ಮೇಲೆ ನಿಂತು ಜಂಬ ಪಟ್ಟದ್ದು ನಾನು. ಇದಕ್ಕಿಂತ ದೊಡ್ಡ ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ. ಸತ್ತ ಮೇಲೂ ಅವೇ ಗೆದ್ದವು.

ಆಮೇಲೆ ಅವಳು ಹೊರಡಲೇ ಇಲ್ಲ. ಭಾನುವಾರ ರಾಯರು ಅಂಗಿ ಹಾಕಿಕೊಂಡು ಕೂತರೆ ಅಡುಗೆಮನೆಯಲ್ಲಿ ಏನಾದರೂ ಕೆಲಸ ತೆಗೆಯುತ್ತಿದ್ದಳು. ಮನೆಯಲ್ಲಿ ಮಾತು ಊಟ ಆಯಿತೆ, ಮಾತ್ರೆ ತೆಗೆದುಕೊಂಡಿರಾ ಎಂಬಷ್ಟಕ್ಕೆ ಬಂತು. ನಾನು ಮೊಳೆಯ ಮೇಲೆ ಧೂಳು ಕುಡಿದೆ. ಮಳೆಗಾಲದಲ್ಲೂ ಯಾರೂ ಕರೆಯಲಿಲ್ಲ. ಬಟ್ಟೆ ಮಡಿಕೆಯ ಜಾಗದಲ್ಲಿ ಸವೆದು ಹರಿಯಿತು. ಒಂದು ಕಡ್ಡಿ ಮುರಿಯಿತು.

ಮುಂದಿನ ಬೇಸಿಗೆ ರಾಯರು ನನ್ನನ್ನು ಕೆಳಗಿಳಿಸಿದಾಗ ಕೊನೆಗೂ ತಿರುಗಾಟಕ್ಕೆ ಕರೆ ಬಂತು ಎಂದುಕೊಂಡೆ. ಆದರೆ ಅವರ ಇನ್ನೊಂದು ಕೈಯಲ್ಲಿ ಪೇಂಟಿನ ಹಳೇ ಡಬ್ಬವಿತ್ತು, ಡಬ್ಬದಲ್ಲಿ ಗೇಣುದ್ದದ ಒಂದು ಹೊಂಗೆ ಸಸಿ. ಹೆಂಡತಿಗೆ ತಿಳಿಯದ ಹಾಗೆ ಹಿತ್ತಲಿನಲ್ಲಿ ಬೀಜ ಊರಿ ಬೆಳೆಸಿದ್ದರು. ಗೇಟಿನ ಮುಂದೆ ರಸ್ತೆ ಬಿಟ್ಟ ಒಂದಿಷ್ಟು ಮಣ್ಣಿನಲ್ಲಿ ಗುಂಡಿ ತೋಡಿ ನೆಟ್ಟರು, ಸುತ್ತ ಬಿದಿರು ಸಿಕ್ಕಿಸಿದರು. ಮಧ್ಯಾಹ್ನದ ಹೊತ್ತಿಗೆ ಎಲೆಗಳು ಕಿವಿ ಇಳಿಬಿಟ್ಟವು. ರಾಯರು ನನ್ನನ್ನು ಬಿಚ್ಚಿ, ಹಿಡಿಯನ್ನು ಬಿದಿರಿಗೆ ಹುರಿಯಿಂದ ಕಟ್ಟಿದರು. ನಾನು, ಬಿಸಿಲಿಗೇ ಹುಟ್ಟಿದ ಕೊಡೆ, ಆ ಕುಲದ ಕೂಸಿಗೆ ನೆರಳು ಹಿಡಿಯಬೇಕಾಯಿತು.

ಸಂಜೆ ವಿಶಾಲು ಗೇಟಿಗೆ ಬಂದಳು. ನನ್ನನ್ನು ನೋಡಿದಳು, ನನ್ನ ಕೆಳಗೆ ನೋಡಿದಳು. ಗಂಡನನ್ನು ಬೈದು ಬಿಚ್ಚಿಸುತ್ತಾಳೆ, ಸೆರಗಿನಿಂದ ಧೂಳು ಒರೆಸಿ ಒಳಗೆ ಒಯ್ಯುತ್ತಾಳೆ ಎಂದು ಕಾದೆ. ಅವಳು ಬಗ್ಗಿ ಹುರಿ ಬಿಚ್ಚಿದಳು ಕೂಡ. ಆಮೇಲೆ ನನ್ನನ್ನು ಪಡುವಣದ ಕಡೆಗೆ ಓರೆಮಾಡಿ, ಇನ್ನೂ ಬಿಗಿಯಾಗಿ ಕಟ್ಟಿದಳು.

"ಮೂರು ಗಂಟೆ ಬಿಸಿಲು ಈ ಕಡೆಯಿಂದ ಬರತ್ತೆ ರೀ. ಅಷ್ಟೂ ಗೊತ್ತಾಗಲ್ವಾ ನಿಮಗೆ?"

ವರ್ಷದ ಮೇಲೆ ಅವಳು ಗಂಡನಿಗೆ ಹೇಳಿದ ಮೊದಲ ಬೈಗುಳ ಅದು. ರಾಯರ ಕಣ್ಣು ತುಂಬಿತು. ಆ ಭಾನುವಾರ ಇಬ್ಬರೂ ಆಟೋದಲ್ಲಿ ಕೆರೆಗೆ ಹೋದರು, ಅಲ್ಲಿನ ಮರಗಳ ಕೆಳಗೆ ನಡೆದು ಬಂದರು. ನನ್ನನ್ನು ಕರೆಯಲಿಲ್ಲ. ಕರೆಯುವ ಹಾಗೂ ಇರಲಿಲ್ಲ, ನನಗೆ ಇಲ್ಲಿ ಕೆಲಸವಿತ್ತು.

ಈಗ ನಾನು ಇಲ್ಲೇ ಇದ್ದೇನೆ. ದಿನಾ ಬೆಳಿಗ್ಗೆ ವಿಶಾಲು ಚೊಂಬಿನಲ್ಲಿ ನೀರು ತರುತ್ತಾಳೆ. ಮಂಡಿ ನೋವೆಂದು ಗೊಣಗುತ್ತ ಬಗ್ಗಿ, ಒಂದೊಂದು ಎಲೆಯನ್ನೂ ಬೆರಳಿನಿಂದ ಮುಟ್ಟಿ ಮಾತಾಡಿಸುತ್ತಾಳೆ. ಅವಳ ಬೈತಲೆ ಅಷ್ಟು ಹೊತ್ತು ನನ್ನ ಅಂಚಿನ ಕೆಳಗೆ ಬರುತ್ತದೆ. ಪೂರಾ ಬೆಳ್ಳಗಾಗಿದೆ. ಮಾತು ಮಾತ್ರ ನನ್ನೊಂದಿಗಲ್ಲ. ಇನ್ನೆರಡು ಬೇಸಿಗೆ ಕಳೆದರೆ ಈ ಸಸಿ ನನ್ನ ಹರಿದ ಬಟ್ಟೆಯನ್ನು ತೂರಿಕೊಂಡು ಮೇಲೆ ಹೋಗುತ್ತದೆ, ನನ್ನನ್ನು ಕಿತ್ತು ಗುಜರಿಯವನಿಗೆ ಕೊಡುತ್ತಾರೆ. ಹೊಟ್ಟೆಕಿಚ್ಚು ಹೋಯಿತೆ ಎಂದು ಕೇಳಬೇಡಿ, ಎಳ್ಳಷ್ಟೂ ಹೋಗಿಲ್ಲ.

ನಿನ್ನೆ ಮಧ್ಯಾಹ್ನ ಮುಂಗಾರಿಗೆ ಮುಂಚಿನ ದೊಡ್ಡ ಗಾಳಿ ಬಂತು. ಹುರಿ ಸಡಿಲವಾಯಿತು. ಬೀದಿಯಲ್ಲಿ ಕಾಗದ, ತಗಡು ಎಲ್ಲ ಹಾರುತ್ತಿದ್ದವು. ಒಂದು ಚೂರು ಮೈ ಸಡಿಲ ಬಿಟ್ಟಿದ್ದರೆ ನಾನೂ ಹೋಗಿಬಿಡಬಹುದಿತ್ತು, ಸಸಿ ಬಿಸಿಲಿಗೆ ಸಿಕ್ಕಿ ಸಂಜೆಯೊಳಗೆ ಬಾಡುತ್ತಿತ್ತು. ಬೆಳಿಗ್ಗೆ ಚೊಂಬು ಹಿಡಿದು ಬರುವ ಅವಳ ಮುಖ ನೆನಪಾಯಿತು. ಉಳಿದ ಕಡ್ಡಿಗಳಿಂದ ಬಿದಿರನ್ನು ಕಚ್ಚಿ ಹಿಡಿದುಕೊಂಡೆ.